ಮಿಷಿನಕ್ಕ ಕೂರಿಸಿದ ಬೊಂಬೆಗಳು

ಮಾತಾಡುವಾಗಲೂ ಅವರ ಬಾಯಲ್ಲಿ ಗುಂಡುಸೂಜಿಗಳಿರುತ್ತಿದ್ದವು. ಒಂದೆರಡಲ್ಲ, ನಾಲ್ಕೈದು. ತುಟಿಯ ಒಂದು ತುದಿಯಲ್ಲಿ ಅವನ್ನು ಕಚ್ಚಿಕೊಂಡು ಇನ್ನೊಂದು ತುದಿಯಿಂದ ಮಾತಾಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಬೈದರೂ ಸಣ್ಣ ದನಿಯಲ್ಲೇ ಬೈಯಬೇಕಾಗುತ್ತಿತ್ತು. ಆ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳತೊಡಗಿದರೆಂದರೆ ಏನೋ ಗಂಭೀರವಾದದ್ದು ಬರಲಿದೆ ಎಂದು ನಮ್ಮ ಬೀದಿಯ ಮಕ್ಕಳಿಗೆಲ್ಲ ಗೊತ್ತಿತ್ತು. ನಾನು ಅದನ್ನು ಮೂರೋ ನಾಲ್ಕೋ ಸಲ ನೋಡಿದ್ದೇನೆ. ಅದರಲ್ಲಿ ಒಂದು ಸಲ ನನ್ನಿಂದಾಗಿ.

ಬೋಗಾದಿಯನ್ನು ಈಗ ನೋಡಿದವರಿಗೆ ಅಲ್ಲೊಂದು ಹಳ್ಳಿ ಇತ್ತೆಂದರೆ ನಂಬಿಕೆ ಬರುವುದಿಲ್ಲ. ಸುತ್ತ ಬಡಾವಣೆಗಳು, ಹುಡುಗರ ಪಿ.ಜಿ.ಗಳು, ಜಲ್ಲಿ ಸುರಿಯುವ ಲಾರಿಗಳು. ಅವುಗಳ ನಡುವೆ ಉಳಿದುಕೊಂಡಿರುವ ಹಳೆ ಊರಿನ ಕೊನೆಯ ಬೀದಿ ನಮ್ಮದು. ಅಲ್ಲಿ ಒಂದು ಕೋಣೆ, ಒಂದು ಜಗಲಿಯ ಮನೆ ಅವರದು. ಬಾಗಿಲ ಪಕ್ಕದಲ್ಲೇ ಹೊಲಿಗೆ ಮಿಷಿನ್ನು. ಸ್ಕೂಲ್ ಯೂನಿಫಾರ್ಮು, ರವಿಕೆ, ಸೀರೆಗೆ ಫಾಲು, ಹರಿದ ಚೀಲ, ಏನು ಕೊಟ್ಟರೂ ಹೊಲಿಯುತ್ತಿದ್ದರು. ಹಾಗಾಗಿ ಎಲ್ಲರಿಗೂ ಮಿಷಿನಕ್ಕ. ಸ್ವಂತ ಹೆಸರೊಂದು ವೋಟರ್ ಲಿಸ್ಟಿನಲ್ಲಿತ್ತು. ಅದನ್ನು ಬೀದಿಯಲ್ಲಿ ಯಾರೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು.

ಕುತ್ತಿಗೆಯಲ್ಲಿ ಸದಾ ಟೇಪು ನೇತಾಡುತ್ತಿದ್ದರೂ ಮಕ್ಕಳ ಅಳತೆಯನ್ನು ಅವರು ಟೇಪಿನಲ್ಲಿ ತೆಗೆದದ್ದನ್ನು ನಾನು ಕಂಡಿಲ್ಲ. ಭುಜ ಹಿಡಿದು ಒಂದು ಸುತ್ತು ತಿರುಗಿಸಿ ನೋಡುವರು, ಅಷ್ಟೆ. "ಎರಡಿಂಚು ಒಳೀಕ್ ಮಡ್ಚಿರ್ತೀನಿ. ಇನ್ನೆರಡೊರ್ಷ ಬೆಳ್ದ್ರೂ ಸಾಕಾಯ್ತದೆ" ಎನ್ನುವರು. ನನ್ನ ಏಳನೇ ಕ್ಲಾಸಿನ ಲಂಗ ಒಂಬತ್ತನೇ ಕ್ಲಾಸಿನವರೆಗೂ ಬಂತು. ಆಗ ಅದಕ್ಕಾಗಿ ಅವರನ್ನು ಶಪಿಸಿದ್ದೇನೆ.

ನಾನು ಈಗ ಸರಸ್ವತಿಪುರಂನಲ್ಲಿ ಮನೆ ಮಾಡಿಕೊಂಡು ಅವ್ವನನ್ನು ಇಟ್ಟುಕೊಂಡಿದ್ದೇನೆ. ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಈ ಮಾತನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. ಮುಂದಿನದನ್ನು ಬರೆದ ಮೇಲೆ ಹೇಳಲು ಇನ್ನಷ್ಟು ನಾಚಿಕೆಯಾದೀತು.

ದಸರಾ ಬಂತೆಂದರೆ ಮೈಸೂರಿನ ಮಕ್ಕಳಿಗೆ ಮನೆ ಮನೆ ಸುತ್ತುವ ಕೆಲಸ. ಗೇಟಿನಲ್ಲಿ ನಿಂತು "ಬೊಂಬೆ ಕೂರ್ಸಿದೀರಾ?" ಎಂದು ಕೂಗಬೇಕು. ಕೂರಿಸಿದ್ದರೆ ಒಳಗೆ ಕರೆಯುತ್ತಾರೆ. ಬೊಂಬೆ ನೋಡಿದ ಮೇಲೆ ಕೈಗೊಂದು ತಿಂಡಿ, ಅದಕ್ಕೆ ಬೊಂಬೆ ಬಾಗಿನ ಎಂದು ಹೆಸರು. ನನಗೆ ಎಂಟು ವರ್ಷವಿದ್ದಾಗ ನಾವು ಆರು ಮಕ್ಕಳು ಹೊಸ ಬಡಾವಣೆಯ ಮನೆಯೊಂದಕ್ಕೆ ಹೋಗಿ ಬಂದೆವು. ಮಿಷಿನಕ್ಕನ ಜಗಲಿಯ ಮೇಲೆ ಕೂತು ರವೆ ಉಂಡೆ ತಿನ್ನುತ್ತಿದ್ದಾಗ ಅವರು ಮಿಷಿನ್ ತುಳಿಯುತ್ತಲೇ ಕೇಳಿದರು:

"ಬೊಂಬೆ ಎಂಗಿದ್ವು?"

"ನೋಡ್ಲಿಲ್ಲ ಕಣಕ್ಕ. ಗೇಟಲ್ಲೇ ಕೊಟ್ರು."

"ಗೇಟಲ್ಲೇ ಯಾಕೆ?"

"ಯಾವ್ ಬೀದಿಯೋರು ಅಂತ ಕೇಳುದ್ರು. ಹೇಳುದ್ವಿ. ಅಲ್ಲೇ ನಿಂತ್ಕಳಿ ಅಂದ್ರು."

ನಮಗೇನೂ ಬೇಜಾರಾಗಿರಲಿಲ್ಲ. ಬೇಜಾರಾಗಬೇಕಾದ ವಿಷಯ ಅದೆಂದು ನಮಗೆ ಗೊತ್ತೇ ಇರಲಿಲ್ಲ. ಉಂಡೆ ದಪ್ಪಗಿತ್ತು, ದ್ರಾಕ್ಷಿ ಹಾಕಿದ್ದರು. ಮಿಷಿನ್ ನಿಂತಿತು. ಅವರು ಒಂದೊಂದೇ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ಬರೋ ವರ್ಷ ನಮ್ಮಲ್ಲೇ ಕೂರ್ಸ್ಮ ಬುಡಿ" ಎಂದರು. ಮತ್ತೆ ಸೂಜಿ ಕಚ್ಚಿಕೊಂಡು ಮಿಷಿನ್ ತುಳಿಯತೊಡಗಿದರು.

ಹೇಳಿದಂತೆ ಮಾಡಿದರು. ಆದರೆ ಅವರ ಬೊಂಬೆಗಳು ಬೇರೆ ಥರ. ದೇವರಿಲ್ಲ, ರಾಜ ರಾಣಿಯಿಲ್ಲ, ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಬೀದಿಯ ಪ್ರತಿ ಮಗುವೂ ತನ್ನ ಮನೆಯ ಹಿರಿಯರೊಬ್ಬರ ಬೊಂಬೆ ಮಾಡಿ ತರಬೇಕು. ಕಡ್ಡಿ, ಹಳೆ ಹತ್ತಿ, ಮಿಷಿನಿನ ಕೆಳಗೆ ಬಿದ್ದ ಚೂರು ಬಟ್ಟೆ ಅವರು ಕೊಡುವರು. ಕಣ್ಣು, ಮೂಗು, ಸೀರೆ, ಪಂಚೆ ಎಲ್ಲ ಮಕ್ಕಳದೇ ಕೈಕೆಲಸ. "ಕತ್ತೊಂದ್ ನಾನ್ ಹೊಲ್ಕೊಡ್ತೀನಿ. ಮಿಕ್ಕುದ್ದೆಲ್ಲಾ ನೀವೇ ಮಾಡ್ಬೇಕು, ನಿಮ್ಮೋರಲ್ವಾ?" ಎನ್ನುವರು. ಬೆಂಚು, ಡಬ್ಬ, ರಟ್ಟಿನ ಪೆಟ್ಟಿಗೆ ಜೋಡಿಸಿ ಮೇಲೊಂದು ಬಿಳಿ ಪಂಚೆ ಹಾಸಿದರೆ ಮೆಟ್ಟಿಲು.

ಬೊಂಬೆ ಮಾಡಿದ ಮಾತ್ರಕ್ಕೆ ಮೆಟ್ಟಿಲು ಹತ್ತುವಂತಿರಲಿಲ್ಲ. ಸಂಜೆ ಎಲ್ಲರ ಮುಂದೆ ನಿಂತು ಆ ಹಿರಿಯರ ಕಥೆ ಹೇಳಬೇಕು. ಅವರನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಕೂತವರ ನಡುವಿನಿಂದ "ಹೂಂ" ಎನ್ನಬೇಕು. ಹೂಂ ಬಿದ್ದರೆ ಬೊಂಬೆ ಕೂರುತ್ತದೆ. ಬೀಳದಿದ್ದರೆ ಮಗು ಮನೆಗೆ ಹೋಗಿ ಇನ್ನಷ್ಟು ಕೇಳಿಕೊಂಡು ಮಾರನೆಯ ದಿನ ಬರಬೇಕು. ಕಥೆಯಲ್ಲಿ ತಾತ ಹುಲಿ ಹೊಡೆದರೆ ಯಾವುದಾದರೂ ಅಜ್ಜಿ "ಯಾವ್ ಹುಲಿನ್ಲಾ? ನಾಯ್ ಕಂಡ್ರೆ ಓಡೋನು ನಿಮ್ ತಾತ" ಎಂದು ಎದ್ದೇಬಿಡುತ್ತಿದ್ದಳು. ಬೀದಿಯೆಲ್ಲ ನಗುತ್ತಿತ್ತು. ನಕ್ಕರೂ ಬೊಂಬೆ ಮಾತ್ರ ಕೆಳಗೇ.

ವಯಸ್ಸಿನಲ್ಲಿ ದೊಡ್ಡವರು ಮೇಲಿನ ಮೆಟ್ಟಿಲಲ್ಲಿ. ಹುಟ್ಟಿದ ತಾರೀಕು ಯಾರಿಗೆ ಗೊತ್ತು? ಒಮ್ಮೆ ಎರಡು ಮನೆಯವರು ತಮ್ಮ ತಾತನೇ ಹಿರಿಯನೆಂದು ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂದರು. ಮಿಷಿನಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಯಾರು ಯಾರ್ನ ಅಣ್ಣ ಅಂತಿದ್ರು?" ಜಗಳ ಅಲ್ಲಿಗೆ ಮುಗಿಯಿತು.

ಬೀದಿಯಲ್ಲಿ ಕೆಲವರು ಬುದ್ಧ ವಿಹಾರಕ್ಕೆ ನಡೆದುಕೊಳ್ಳುವವರಿದ್ದರು. ಅವರ ಪೈಕಿ ಓದಿದ ತರುಣನೊಬ್ಬ ಬಂದು, ದಸರಾ ನಮ್ಮ ಹಬ್ಬವಲ್ಲ, ಇದನ್ನೇಕೆ ಮಾಡುತ್ತೀರಿ ಎಂದು ಗದರಿದ. ಅವರು ಗುಂಡಿ ಹಾಕುತ್ತಲೇ ಹೇಳಿದರು: "ಹಬ್ಬ ಯಾರ್ದಾರಾ ಆಗ್ಲಿ ಕಣಪ್ಪ. ಸ್ಕೂಲ್ ರಜ, ಮಕ್ಕ್ಳು ಕೈಗ್ ಸಿಗೋದು ಆಗ್ಲೇಯ. ನಿಮ್ಮಪ್ಪ ತಮಟೆ ಬಡ್ದ್ರೆ ಎಂತೋರ್ಗೂ ಕಾಲ್ ನಿಲ್ತಿರ್ಲಿಲ್ಲ. ಅದ ನಿನ್ ಮಕ್ಕ್ಳಿಗೆ ಯಾವತ್ತಾರಾ ಹೇಳಿದ್ದೀಯಾ?" ಅವನು ಹೊರಟುಹೋದ. ಎರಡು ದಿನದ ಮೇಲೆ ಅವನ ಮಗಳು ಒಂದು ಬೊಂಬೆ ಹಿಡಿದು ಬಂದಳು, ಹಿಂದೆ ಅವನೂ ಬಂದ.

ಇನ್ನೊಂದು ವರ್ಷ ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಪರದೇಶದ ಹೆಂಗಸೊಬ್ಬಳು ಆಟೋದವನ ಜೊತೆ ಬಂದು, ಒಂದು ಬೊಂಬೆ ಮಾರುತ್ತೀರಾ ಎಂದು ಅವನಿಂದ ಕೇಳಿಸಿದಳು. "ಮಾರಕ್ಕೆ ಇವ್ರೇನ್ ಕೋಳಿಗಳಾ? ಕುಂತು ಕಥೆ ಕೇಳ್ಕಂಡ್ ಹೋಗ್ಲಿ ಅನ್ನಿ." ಅವಳು ಕೂತಳು. ಭಾಷೆ ತಿಳಿಯದೆಯೂ ಕೊನೆಯವರೆಗೆ ಕೂತಳು. ಮಾರನೆಯ ದಿನ ತನ್ನ ತಾತನ ಬೊಂಬೆ ಮಾಡಿ ತಂದಳು, ಆತ ಬ್ರೆಡ್ ಮಾಡುತ್ತಿದ್ದನಂತೆ. ಹೂಂ ಅನ್ನುವವರು ಅಲ್ಲಿ ಯಾರಿದ್ದಾರೆ? ಮಿಷಿನಕ್ಕ ಅದನ್ನು ಮೆಟ್ಟಿಲಿಗೆ ಹತ್ತಿಸಲಿಲ್ಲ. ಅವಳಿಗೆ ಕಾಫಿ ಕೊಟ್ಟರು, ಬಾಗಿನ ಕೊಟ್ಟರು, ಬೊಂಬೆಯನ್ನು ಮಿಷಿನ್ನಿನ ಮೇಲಿಟ್ಟುಕೊಂಡರು. "ಯಾರ್ನಾರ ಕರ್ಕಬರ್ಲಿ, ಜಾಗ ಇಟ್ಟಿರ್ತೀನಿ" ಎಂದರು. ಅಷ್ಟು ಕಟ್ಟುನಿಟ್ಟು.

ಅಂಥವರ ಮುಂದೆ ನಿಂತು ನಾನು ಸುಳ್ಳು ಹೇಳಿದೆ.

ನನ್ನ ಅಜ್ಜಿ, ಅವ್ವನ ತಾಯಿ, ನಮ್ಮೊಂದಿಗೇ ಇದ್ದಳು. ಪ್ರಾಯದಲ್ಲಿ ಪೇಟೆಯ ಹಳೆ ಬೀದಿಗಳಲ್ಲಿ ಕಕ್ಕಸು ತೆಗೆಯುವ ಕೆಲಸ ಮಾಡಿದವಳು. ಆಗ ಆ ಮನೆಗಳ ಹಿಂದೆ ಇದಕ್ಕೆಂದೇ ಒಂದು ಸಂದಿ ಇರುತ್ತಿತ್ತು. ತಗಡಿನ ಡಬ್ಬ, ಬಳಿದು ತೆಗೆಯಲು ಒಂದು ರೇಕು, ಒಂದು ಪೊರಕೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾತು ಆ ಕಡೆ ತಿರುಗಿದರೆ ಅವ್ವ ಎದ್ದು ಒಳಗೆ ಹೋಗುವಳು. ತಾನು ಬೆಳೆದದ್ದು ನಂಜನಗೂಡಿನ ಹತ್ತಿರ ಸೋದರಮಾವನ ಮನೆಯಲ್ಲಿ, ತನಗೆ ಅದೆಲ್ಲ ಗೊತ್ತಿಲ್ಲ ಎನ್ನುವಳು. "ಸ್ಕೂಲಲ್ಲಿ ಯಾರಾರ ಕೇಳುದ್ರೆ ಕೂಲಿ ಅನ್ನು, ಸಾಕು" ಎಂದು ನನಗೆ ಹೇಳಿಕೊಟ್ಟಿದ್ದಳು.

ನಾನು ಅವ್ವನಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಏಳನೇ ಕ್ಲಾಸಿಗೆ ಸರಸ್ವತಿಪುರಂನ ಶಾಲೆಗೆ ಸೇರಿದಾಗ, ನಮ್ಮಜ್ಜಿ ಅರಮನೆಯಲ್ಲಿ ಹೂ ಕಟ್ಟುತ್ತಿದ್ದರು ಎಂದು ಗೆಳತಿಯರಿಗೆ ಹೇಳಿದೆ. ಆ ದಸರೆಗೆ ಇಬ್ಬರು ಗೆಳತಿಯರು ಬೊಂಬೆ ನೋಡಲು ಬರುತ್ತೇವೆಂದು ಹಟ ಹಿಡಿದು ಬಂದರು, ಕಾಲುಚೀಲ ಹಾಕಿಕೊಂಡು. ನಾನು ಹಸಿರು ಸೀರೆಯ ಬೊಂಬೆ ಮಾಡಿದ್ದೆ. ಅದರ ಕೈಯಲ್ಲಿ ಬಿಳಿ ದಾರದ ಮಲ್ಲಿಗೆ ಮಾಲೆ. ಅಂಥ ಚೆಂದದ ಬೊಂಬೆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಎದ್ದು ನಿಂತು ಅರಮನೆಯ ತೋಟ, ಹೂಬುಟ್ಟಿ, ಮಹಾರಾಣಿಯವರು ಕೊಟ್ಟ ಸೀರೆ ಎಂದೆಲ್ಲ ಚೆನ್ನಾಗಿ ಹೇಳಿದೆ. ಹೇಳಿ ಮುಗಿಸಿದಾಗ ಯಾರಿಂದಲೂ ಹೂಂ ಬೀಳಲಿಲ್ಲ. ಅಲ್ಲಿದ್ದ ದೊಡ್ಡವರಿಗೆಲ್ಲ ನಿಜ ಗೊತ್ತಿತ್ತು.

ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನ್ನನ್ನು ನೋಡಿದಳು. ಆ ಇಬ್ಬರು ಹುಡುಗಿಯರನ್ನು ನೋಡಿದಳು. ಆಮೇಲೆ "ಹೂಂ" ಎಂದಳು.

ಮಿಷಿನಕ್ಕ ಬಾಯಿಂದ ಸೂಜಿಗಳನ್ನು ತೆಗೆದರು. ಅವರು ಅಜ್ಜಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬೊಂಬೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡನೇ ಮೆಟ್ಟಿಲಲ್ಲಿ ಕೂರಿಸಿದರು. ಗೆಳತಿಯರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ನಾನು ಪಿ.ಯು.ಸಿ. ಓದುವಾಗ ಅಜ್ಜಿ ಹೋದಳು. ಅವಳ ಮುಂದೆ ಆ ಮಾತನ್ನು ನಾನು ಒಮ್ಮೆಯೂ ಎತ್ತಲಿಲ್ಲ. ಅದಾದ ಮೇಲೆ ದಸರೆಯ ಹೊತ್ತಿಗೆ ನನಗೆ ಏನಾದರೂ ಕೆಲಸ ಇದ್ದೇ ಇರುತ್ತಿತ್ತು. ಪರೀಕ್ಷೆ, ಬಿ.ಎಡ್., ನಂಟರ ಮದುವೆ, ಕೊನೆಗೆ ನೌಕರಿ. ಬೀದಿಗೆ ಹೋದರೂ ಆ ಒಂಬತ್ತು ದಿನ ಬಿಟ್ಟು ಹೋಗುತ್ತಿದ್ದೆ. ಆದರೆ ಹಳೆ ಬೊಂಬೆಗಳೆಲ್ಲ ಪ್ರತಿವರ್ಷ ಟ್ರಂಕಿನಿಂದ ಹೊರಬರುತ್ತಿದ್ದವು. ಮಗು ಊರಲ್ಲಿ ಇಲ್ಲದಿದ್ದರೆ ಅದರ ಕಥೆಯನ್ನು ಮಿಷಿನಕ್ಕನೇ ಹೇಳುವುದು ವಾಡಿಕೆ. ನನ್ನ ಬೊಂಬೆಗೆ ಏನು ಹೇಳುತ್ತಾರೋ ಎಂಬ ಹೆದರಿಕೆ ನನಗೆ ವರ್ಷ ವರ್ಷವೂ ಇತ್ತು. ಬೀದಿಯವರೊಬ್ಬರು ಎಷ್ಟೋ ಕಾಲದ ಮೇಲೆ ತಿಳಿಸಿದರು. ಹಸಿರು ಸೀರೆಯ ಬೊಂಬೆ ಬಂದಾಗ ಅವರು, "ಇದ್ರ ಕಥೆ ಹೇಳೋರು ಬತ್ತಾರೆ" ಎಂದಷ್ಟೇ ಹೇಳಿ ಮುಂದಿನದಕ್ಕೆ ಹೋಗುತ್ತಿದ್ದರಂತೆ. ಸುಳ್ಳನ್ನು ಅವರು ತಮ್ಮ ಬಾಯಿಂದ ಹೇಳಲೂ ಇಲ್ಲ, ನನ್ನನ್ನು ಬಿಟ್ಟುಕೊಡಲೂ ಇಲ್ಲ. ಅದನ್ನು ಕೇಳಿದ ದಿನ ನಾನು ಕ್ಲಾಸಿನಲ್ಲಿ ಸರಿಯಾಗಿ ಪಾಠ ಮಾಡಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ಬರೆದುಕೊಂಡು ಹೋದೆ, ನಾಲ್ಕು ಪುಟ. ಮಿಷಿನ್ನಿಗೆ ಬಟ್ಟೆ ಹೊದಿಸಿದ್ದರು. ಅವರ ಬಾಯಲ್ಲಿ ಸೂಜಿ ಇಲ್ಲದೆ ಮುಖವೇ ಬೇರೆಯಾಗಿ ಕಂಡಿತು. ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, "ಅಕ್ಕ, ಅಜ್ಜಿ ಕಥೆ ಸರಿ ಮಾಡ್ಕೊಂಡ್ ಬಂದಿದೀನಿ. ಈ ಸಲ ದಸರೇಲಿ ಎಲ್ರು ಮುಂದೆ ಹೇಳ್ತೀನಿ. ನೀನು ಹೂಂ ಅನ್ಬೇಕು" ಎಂದೆ. ಅಜ್ಜಿಯ ಜೊತೆ ಆ ಸಂದಿಗಳಲ್ಲಿ ಕೆಲಸ ಮಾಡಿದವರಲ್ಲಿ ಬದುಕಿದ್ದವರು ನನಗೆ ತಿಳಿದಂತೆ ಅವರೊಬ್ಬರೇ. ಮದುವೆಯಾದ ಹೊಸದರಲ್ಲಿ, ಮಿಷಿನ್ ಬರುವ ಮೊದಲು, ಕೆಲವು ತಿಂಗಳು ಹೋಗಿದ್ದರು.

ಓದಿದೆ. ಅಮಾನವೀಯ ಪದ್ಧತಿ, ತಲೆಮಾರುಗಳ ಅವಮಾನ, ಸಮಾಜದ ಕ್ರೌರ್ಯ, ಎಲ್ಲ ಇತ್ತು. ಯಾವುದೂ ಸುಳ್ಳಲ್ಲ. ಮುಗಿಸಿ ಕಾದೆ. ಹೂಂ ಬರಲಿಲ್ಲ.

"ಎಲ್ಲಾ ನೆಟ್ಟಗೈತೆ ಕಣ್ಮಗ. ಸ್ಕೂಲ್ ಪುಸ್ತಕದಂಗೈತೆ" ಎಂದರು. "ನಿಮ್ಮಜ್ಜಿ ಎಲ್ಲವ್ಳೆ ಇದ್ರಲ್ಲಿ?"

ನನಗೆ ಸಿಟ್ಟು ಬಂತು. "ಇದೆಲ್ಲಾ ಅವಳದೇ ಅಲ್ವಾ ಅಕ್ಕ?"

"ಇದು ಅವ್ಳ್ ಮಾಡಿದ್ ಕೆಲ್ಸ. ಆವತ್ತು ಕೆಲ್ಸ ಬುಟ್ಟು ಹೇಳ್ದೆ, ಇವತ್ತು ಬರೀ ಕೆಲ್ಸ ಹೇಳ್ತಾ ಇದ್ದೀಯ. ಸಂದೀಲಿ ನಿಂತ್ರೆ ಊರ್ ದೊಡ್ಡೋರೆಲ್ಲ ಚೊಂಬ್ ಹಿಡ್ಕಂಡ್ ಬರೋದು ಕಾಣೋದು. ಒಬ್ಬೊಬ್ರು ನಡಿಗೇನೂ ಕಲ್ತಿದ್ಲು ನಿಮ್ಮಜ್ಜಿ. ಲಾಯರಪ್ಪ ಎಂಗ್ ಬತ್ತಾನೆ, ಪೋಸ್ಟ್ ಮಾಸ್ಟ್ರು ಎಂಗ್ ಓಡ್ತಾರೆ, ಎಲ್ಲಾ. ಕೆಲ್ಸ ಮುಗ್ಸಿ ನಲ್ಲಿ ತಾವ ಕೈಕಾಲ್ ತೊಳ್ಕಂಡು ಕುಂತ್ರೆ ಮಾಡ್ ತೋರ್ಸೋಳು. ಹೊಟ್ಟೆ ಹಿಡ್ಕಂಡ್ ನಗೋವು ನಾವು. ಮೊದಲ್ನೇ ದಿನ ನಾನ್ ಅತ್ತಿದ್ದೇ ಅತ್ತಿದ್ದು. ಎರಡ್ನೇ ದಿನ ಹೋಗಿದ್ದು ಅವ್ಳು ನಗುಸ್ತಾಳೆ ಅಂತ ಕಣ್ಮಗ."

ಅಜ್ಜಿ ನಗಿಸುತ್ತಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಅವಳು ಮೂಲೆ ಹಿಡಿದು ಕೂರುತ್ತಿದ್ದ ಮುದುಕಿ. ಲಾಯರಪ್ಪನ ನಡಿಗೆ ಹೇಗಿತ್ತು ಎಂದು ಕೇಳಿದೆ. ಮಿಷಿನಕ್ಕ ಏಳಲಾರದೆ ಎರಡು ಬೆರಳುಗಳನ್ನು ಹೊದಿಕೆಯ ಮೇಲೆ ನಡೆಸಿದರು. ಎದೆ ಮುಂದೆ ಮಾಡಿ ನಾಲ್ಕು ಹೆಜ್ಜೆ, ಒಂದು ಕೆಮ್ಮು, ಅತ್ತಿತ್ತ ನೋಟ, ಮತ್ತೆ ನಾಲ್ಕು ಹೆಜ್ಜೆ. ನಗು ಬಂದು ಅವರಿಗೆ ಕೆಮ್ಮು ಹತ್ತಿತು. ನೀರು ಕುಡಿಸಿದೆ.

ಸುಧಾರಿಸಿಕೊಂಡ ಮೇಲೆ ಸಣ್ಣಗೆ ಹೇಳಿದರು: "ನೀನ್ ಹೂವಿನ್ ಕಥೆ ಹೇಳ್ದಲ್ಲ, ಮಾರ್ನೇ ದಿನ ನಿಮ್ಮಜ್ಜಿ ಇಲ್ಲಿಗ್ ಬಂದ್ಲು. ಕೈ ಎರಡೂನೂವೆ ಮೂಗ್ ತಾವ ಇಟ್ಕಂಡ್ ಮೂಸುದ್ಲು. ಇಪ್ಪತ್ತೊರ್ಷ ಆಯ್ತು ಕಣೆ ಆ ಕೆಲ್ಸ ಬುಟ್ಟು, ಮಗೀಗ್ ಇನ್ನೂ ವಾಸ್ನೆ ಬತ್ತಾದಾ ಅಂದ್ಲು."

ಮಂಚದ ಅಂಚಿಗೆ ತಲೆಯಿಟ್ಟು ಅತ್ತೆ. ನಲವತ್ತು ದಾಟಿದ ಹೆಂಗಸು ನಾನು, ಕೈಚೀಲದಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳಿದ್ದವು. ಅವರು ತಡೆಯಲಿಲ್ಲ, ತಲೆ ನೇವರಿಸಲೂ ಇಲ್ಲ. ಅತ್ತು ಮುಗಿದ ಮೇಲೆ ಹೇಳಿದರು: "ನಾನೂ ಆವತ್ತು ಕೂರುಸ್ಬಾರದಿತ್ತು. ಅವ್ಳ್ ಮಕ ನೋಡಿ ಕೂರ್ಸ್‌ಬುಟ್ಟೆ. ಹೋಗು, ಆ ನಡಿಗೆ ಕಲ್ತ್ಕಂಡ್ ಬಾ. ಹೂಂ ಅಂತೀನಿ."

ಕಲಿಯುವುದರೊಳಗೆ ಅವರು ಹೋಗಿಬಿಟ್ಟರು. ಆ ಬಾಯಿಂದ ನನಗೆ ಹೂಂ ಬೀಳಲಿಲ್ಲ.

ಅವರಿಲ್ಲದ ದಸರೆಗೆ ಬೊಂಬೆ ಕೂರಿಸುವುದೋ ಬೇಡವೋ ಎಂದು ಬೀದಿಯಲ್ಲಿ ಮಾತಾಯಿತು. ತಮಟೆಯವರ ಮೊಮ್ಮಗಳು ಟ್ರಂಕಿನ ಬೀಗದ ಕೈ ತೆಗೆದುಕೊಂಡಳು. ನಾನು ಹೊಸ ಬೊಂಬೆ ಮಾಡಿದೆ. ಸೀರೆಯನ್ನು ಮೇಲಕ್ಕೆತ್ತಿ ಕಟ್ಟಿದ್ದೆ, ಕೈಗೆ ಪೊರಕೆ ಕೊಟ್ಟಿದ್ದೆ. ಬಾಯಿ ತೆರೆದು ನಗುವಂತೆ ಕೆಂಪು ದಾರದಲ್ಲಿ ಹೊಲಿದಿದ್ದೆ. ಕತ್ತು ಹೊಲಿಯಲು ಬಾರದೆ ಸೊಟ್ಟಗಾಯಿತು. ಅವ್ವ ಅದನ್ನು ನೋಡಿ ಎದ್ದು ಒಳಗೆ ಹೋದಳು. ಬರುವುದಿಲ್ಲ ಎಂದವಳು ಆಟೋ ಬಂದಾಗ ಸೀರೆ ಬದಲಾಯಿಸಿ ಕೂತಿದ್ದಳು.

ಸಂಜೆ ಎಲ್ಲರ ಮುಂದೆ ನಿಂತೆ. ಹಳೆಯ ಸುಳ್ಳನ್ನು ಸುಳ್ಳೆಂದೇ ಹೇಳಿದೆ. ಆಮೇಲೆ ಸಂದಿ, ಡಬ್ಬ, ಪೊರಕೆ, ಹೊಟ್ಟೆ ಹಿಡಿದು ನಗುತ್ತಿದ್ದ ಹೆಂಗಸರು. ಲಾಯರಪ್ಪನ ಮಾತು ಬಂದಾಗ ಮಕ್ಕಳು ಬಿಡಲಿಲ್ಲ. "ಮಾಡ್ ತೋರ್ಸಿ ಮಿಸ್, ಮಾಡ್ ತೋರ್ಸಿ" ಎಂದು ಗಲಾಟೆ ಎಬ್ಬಿಸಿದರು. ನಾನು ಸೆರಗು ಸಿಕ್ಕಿಸಿಕೊಂಡು, ಎದೆ ಮುಂದೆ ಮಾಡಿ, ಹೊದಿಕೆಯ ಮೇಲೆ ಕಂಡಿದ್ದಂತೆ ನಾಲ್ಕು ಹೆಜ್ಜೆ ಹಾಕಿ ಕೆಮ್ಮಿದೆ. ಒಂದಿಬ್ಬರು ನಕ್ಕರು. ನನಗೇ ಗೊತ್ತಾಗುತ್ತಿತ್ತು, ಸರಿಯಾಗಲಿಲ್ಲ. ಬೊಂಬೆ ಕೈಯಲ್ಲಿ ಹಿಡಿದು ನಿಂತೆ. ಅಜ್ಜಿಯನ್ನು ಆ ಸಂದಿಯಲ್ಲಿ ಕಂಡು ಹೂಂ ಅನ್ನಬಲ್ಲವರು ಯಾರೂ ಉಳಿದಿರಲಿಲ್ಲ. ಮಕ್ಕಳು ತಿರುಗಿ ತಿರುಗಿ ದೊಡ್ಡವರ ಮುಖ ನೋಡಿದರು.

ಪ್ಲಾಸ್ಟಿಕ್ ಕುರ್ಚಿ ಸರಿದ ಸದ್ದಾಯಿತು. ಅವ್ವ ಮಂಡಿ ಹಿಡಿದುಕೊಂಡು ಏಳುತ್ತಿದ್ದಳು.

"ಅಂಗಲ್ಲ ಕಣೆ. ಅವ್ನು ಎಡಗಾಲ್ ಎಳೀತಿದ್ದ" ಎಂದಳು.

ಯಾರದೋ ಕೈಯಿಂದ ನೀರಿನ ಚೊಂಬು ಇಸಿದುಕೊಂಡು ನಡುವೆ ಬಂದಳು. ಬೆನ್ನು ನೆಟ್ಟಗೆ ಮಾಡಿದಳು. ಗದ್ದ ಮೇಲೆತ್ತಿ, ಎಡಗಾಲನ್ನು ಸಣ್ಣಗೆ ಎಳೆಯುತ್ತ, ಕೆಮ್ಮುತ್ತ, ಯಾರೂ ನೋಡುತ್ತಿಲ್ಲ ತಾನೆ ಎಂದು ಅತ್ತಿತ್ತ ಕಣ್ಣಾಡಿಸುತ್ತ ಜಗಲಿಯ ಈ ಕೊನೆಯಿಂದ ಆ ಕೊನೆಗೆ ನಡೆದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರೂ ನಕ್ಕರು. ನನ್ನ ಅವ್ವ ಹೀಗೆ ಮಾಡಬಲ್ಲಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ನಡಿಗೆಯನ್ನು ಅವಳು ಎಲ್ಲಿ ಕಂಡಳೆಂಬುದು ಮಿಷಿನಕ್ಕನಿಗೆ ಗೊತ್ತಿದ್ದಿರಲೇಬೇಕು. ಇಷ್ಟು ವರ್ಷ ಅವರು ನನಗೂ ಹೇಳಿರಲಿಲ್ಲ.

ನಗು ಇಳಿದ ಮೇಲೆ ಅವ್ವ ಚೊಂಬನ್ನು ಕೆಳಗಿಟ್ಟಳು. ಮಕ್ಕಳ ಕಡೆ ತಿರುಗಿದಳು, ನನ್ನ ಕಡೆಗಲ್ಲ.

"ಆಗ ನಂಗೆ ಹತ್ತೊರ್ಷ" ಎಂದಳು. "ಪೊರಕೆ ಅವ್ವ ಹಿಡ್ಕಳೋಳು. ರೇಕು ನಾನ್ ಹಿಡ್ಕಳೋಳು."